ಗಂಟುನೋವಿನ ಜ್ವರವೆಂದು ಸುಮ್ಮನಿರಬೇಡಿ: ಸಂಧಿವಾತದವರಲ್ಲಿ ಹೃದಯ ಕವಾಟದ ಅಪರೂಪದ ಸೋಂಕು

ಮನೆಯಲ್ಲಿ ಹಲವು ವರ್ಷಗಳಿಂದ ಸಂಧಿವಾತದಿಂದ ಬಳಲುತ್ತಿರುವ ತಾಯಿಯೋ ಅಕ್ಕನೋ ಇದ್ದರೆ, ಅವರ ನೋವು ಕ್ರಮೇಣ ಮನೆಯವರಿಗೆಲ್ಲ ಪರಿಚಿತವಾಗಿಬಿಡುತ್ತದೆ. ಬೆಳಿಗ್ಗೆ ಎದ್ದಾಗ ಬೆರಳುಗಳನ್ನು ಮಡಚಲಾಗದು. ಮಣಿಕಟ್ಟು ಊದಿಕೊಂಡಿರುತ್ತದೆ. ಸುಸ್ತಂತೂ ಯಾವಾಗಲೂ ಇದ್ದದ್ದೇ. ಇಂಥವರಿಗೆ ಸಣ್ಣಗೆ ಜ್ವರ ಬಂದರೆ "ವಾತ ಮತ್ತೆ ಎದ್ದಿದೆ" ಎಂದು ಎಲ್ಲರೂ ಹೇಳುತ್ತಾರೆ. ಒಂದು ನೋವಿನ ಮಾತ್ರೆ, ಹೆಚ್ಚೆಂದರೆ ಮೆಡಿಕಲ್ ಅಂಗಡಿಯಿಂದ ತಂದ ನಾಲ್ಕು ಆಂಟಿಬಯೋಟಿಕ್ ಗುಳಿಗೆ, ಅಲ್ಲಿಗೆ ಮುಗಿಯಿತು.

ಹೆಚ್ಚಿನ ಸಲ ಆ ಊಹೆ ಸರಿಯೇ ಆಗಿರುತ್ತದೆ. ಆದರೆ ಅಪರೂಪಕ್ಕೊಮ್ಮೆ ಆ ಜ್ವರ ವಾತದ್ದಾಗಿರುವುದಿಲ್ಲ. ರಕ್ತದ ಮೂಲಕ ಸಾಗಿದ ಬ್ಯಾಕ್ಟೀರಿಯಾ ಹೃದಯದ ಕವಾಟದ ಮೇಲೆ ನೆಲೆಯೂರಿ, ಅದನ್ನು ಒಳಗೊಳಗೇ ಕೊರೆಯುತ್ತಿರುತ್ತದೆ. ವೈದ್ಯರು ಇದನ್ನು ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್ ಎಂದು ಕರೆಯುತ್ತಾರೆ. ಸಮಯಕ್ಕೆ ಗೊತ್ತಾದರೆ ಇದಕ್ಕೆ ಚಿಕಿತ್ಸೆ ಇದೆ. ತಡವಾದರೆ ಜೀವಕ್ಕೇ ಅಪಾಯ.

ನಾವು ವೈದ್ಯರಲ್ಲ. ಈ ಲೇಖನ ಯಾವ ವೈದ್ಯರ ಸಲಹೆಗೂ ಬದಲಿಯಲ್ಲ. ಆದರೆ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಭೇಟಿಯಾಗುವಾಗ "ಇದು ಇಷ್ಟು ದೊಡ್ಡದೆಂದು ಮೊದಲೇ ಗೊತ್ತಿರಲಿಲ್ಲವಲ್ಲ" ಎಂಬ ಮನೆಯವರ ಮಾತನ್ನು ನಾವು ಹಲವು ಬಾರಿ ಕೇಳಿದ್ದೇವೆ. ಸಂಧಿವಾತ ಇರುವವರೂ ಅವರನ್ನು ನೋಡಿಕೊಳ್ಳುವವರೂ ಈ ಬಗ್ಗೆ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು ಎಂಬ ಉದ್ದೇಶದಿಂದ ಈ ಬರಹ.

ವಾತ ಒಂದೇ ಅಲ್ಲ

ನಮ್ಮ ಮಾತಿನಲ್ಲಿ ಗಂಟುನೋವಿಗೆಲ್ಲ "ವಾತ" ಎಂಬ ಒಂದೇ ಹೆಸರು. ವೈದ್ಯಕೀಯದಲ್ಲಿ ಇವು ಬೇರೆ ಬೇರೆ ರೋಗಗಳು.

ವಯಸ್ಸಾದಂತೆ ಮಂಡಿಯ ಮೃದ್ವಸ್ಥಿ ಸವೆದು ಬರುವ ನೋವು ಒಂದು. ಇದನ್ನು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ನಾವು ಇಲ್ಲಿ ಮಾತನಾಡುತ್ತಿರುವುದು ಅದರ ಬಗ್ಗೆ ಅಲ್ಲ.

ಮಕ್ಕಳಿಗೆ ಗಂಟಲು ಬೇನೆ ಬಂದು ವಾಸಿಯಾದ ಕೆಲವು ವಾರಗಳ ನಂತರ ಕೀಲುಗಳು ಒಂದೊಂದಾಗಿ ಊದಿಕೊಂಡು ಜ್ವರ ಬರುವುದು ಇನ್ನೊಂದು. ಇದು ರುಮ್ಯಾಟಿಕ್ ಫೀವರ್. ಇದರಲ್ಲಿ ಕೀಲುಗಳು ಪೂರ್ತಿ ಗುಣವಾಗುತ್ತವೆ, ಆದರೆ ಹೃದಯದ ಕವಾಟ ಶಾಶ್ವತವಾಗಿ ಹಾಳಾಗಬಹುದು. ಈ ರೋಗ ಕೀಲುಗಳನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ ಎಂದು ಹಳೆಯ ಕಾಲದ ವೈದ್ಯರು ಹೇಳುತ್ತಿದ್ದುದುಂಟು. ಹೀಗೆ ಹಾಳಾದ ಕವಾಟದ ಮೇಲೆ ಮುಂದೆ ಬ್ಯಾಕ್ಟೀರಿಯಾ ಸುಲಭವಾಗಿ ಕೂರುತ್ತದೆ. ನಮ್ಮ ದೇಶದಲ್ಲಿ ಎಂಡೋಕಾರ್ಡೈಟಿಸ್‌ಗೆ ಇದು ಇಂದಿಗೂ ಒಂದು ಪ್ರಮುಖ ಕಾರಣ.

ಮೂರನೆಯದು ಉರಿಯೂತದ ಸಂಧಿವಾತ. ಇದರಲ್ಲಿ ಮುಖ್ಯವಾದುದು ರುಮಟಾಯ್ಡ್ ಆರ್ಥ್ರೈಟಿಸ್. ಬೆನ್ನುಮೂಳೆಯ ಗಂಟುಗಳನ್ನು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಚರ್ಮದ ಸೋರಿಯಾಸಿಸ್ ಜೊತೆಗೆ ಬರುವ ಸಂಧಿವಾತ, ಲೂಪಸ್ ಮುಂತಾದುವು ಇದರ ಬಂಧುಗಳು. ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ನಮ್ಮ ಕೀಲುಗಳ ಮೇಲೆ ದಾಳಿ ಮಾಡುವುದು ಇವುಗಳ ಸ್ವಭಾವ. ರುಮಟಾಯ್ಡ್ ಆರ್ಥ್ರೈಟಿಸ್ ವಯಸ್ಕರಲ್ಲಿ ಸುಮಾರು 100ರಿಂದ 200 ಮಂದಿಗೆ ಒಬ್ಬರಲ್ಲಿ ಕಂಡುಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅಂದರೆ ಪ್ರತಿಯೊಂದು ಊರಿನಲ್ಲಿಯೂ ಇಂಥವರು ಇದ್ದಾರೆ.

ಕವಾಟದಲ್ಲಿ ನಡೆಯುವುದೇನು?

ನಮ್ಮ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತ ಮುಂದಕ್ಕೆ ಮಾತ್ರ ಹರಿಯುವಂತೆ, ಹಿಂದಕ್ಕೆ ಬಾರದಂತೆ ಅವು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ತೆರೆದು ಮುಚ್ಚುತ್ತವೆ. ಆರೋಗ್ಯವಂತ ಕವಾಟದ ಮೇಲ್ಮೈ ನುಣುಪಾಗಿರುವುದರಿಂದ ಅದಕ್ಕೆ ಏನೂ ಸುಲಭವಾಗಿ ಅಂಟಿಕೊಳ್ಳುವುದಿಲ್ಲ.

ಹಲ್ಲುಜ್ಜುವಾಗ, ಚರ್ಮಕ್ಕೆ ಗಾಯವಾದಾಗ, ಒಸಡಿನಲ್ಲಿ ರಕ್ತ ಬಂದಾಗ ಸ್ವಲ್ಪ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವುದು ಸಾಮಾನ್ಯ. ದೇಹ ಅದನ್ನು ಕೆಲವೇ ನಿಮಿಷಗಳಲ್ಲಿ ಹೊಡೆದುಹಾಕುತ್ತದೆ. ಆದರೆ ಕವಾಟದ ಮೇಲ್ಮೈ ಎಲ್ಲಿಯಾದರೂ ಒರಟಾಗಿದ್ದರೆ ಅಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳೂ ಫೈಬ್ರಿನ್ ಎಂಬ ನಾರಿನಂಥ ವಸ್ತುವೂ ಸೇರಿ ಸಣ್ಣ ಗಡ್ಡೆಯೊಂದು ಕಟ್ಟಿಕೊಳ್ಳುತ್ತದೆ. ದಾರಿಯಲ್ಲಿ ಹೋಗುವ ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿಕೊಂಡು ಬೆಳೆಯತೊಡಗುತ್ತದೆ. ಕವಾಟಕ್ಕೆ ತನ್ನದೇ ಆದ ರಕ್ತನಾಳಗಳ ಪೂರೈಕೆ ಬಹಳ ಕಡಿಮೆ. ಆದುದರಿಂದ ದೇಹದ ರಕ್ಷಣಾ ಕೋಶಗಳು ಆ ಗಡ್ಡೆಯ ಒಳಗೆ ಹೋಗಲಾರವು. ಔಷಧಿಯೂ ಸುಲಭವಾಗಿ ಒಳಹೊಕ್ಕುವುದಿಲ್ಲ.

ಗಡ್ಡೆ ಬೆಳೆದಂತೆ ಎರಡು ಅನಾಹುತಗಳು ನಡೆಯುತ್ತವೆ. ಕವಾಟ ತೂತಾಗಿ ಅಥವಾ ಹರಿದು ರಕ್ತ ಹಿಂದಕ್ಕೆ ಸೋರತೊಡಗುತ್ತದೆ, ಹೃದಯ ಸೋಲುತ್ತದೆ. ಇಲ್ಲವೇ ಗಡ್ಡೆಯ ಚೂರೊಂದು ಕಿತ್ತು ಬಂದು ಮಿದುಳು, ಮೂತ್ರಪಿಂಡ, ಗುಲ್ಮ ಅಥವಾ ಕೈಕಾಲಿನ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕೆಲವರಲ್ಲಿ ಪಾರ್ಶ್ವವಾಯುವೇ ಈ ರೋಗದ ಮೊದಲ ಲಕ್ಷಣವಾಗಿರುತ್ತದೆ.

ಇದು ಅಪರೂಪದ ರೋಗ ಎಂಬುದನ್ನು ಮತ್ತೊಮ್ಮೆ ಹೇಳುತ್ತೇವೆ. ಪಾಶ್ಚಾತ್ಯ ದೇಶಗಳ ಲೆಕ್ಕದ ಪ್ರಕಾರ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 3ರಿಂದ 10 ಮಂದಿಗೆ ಮಾತ್ರ ಇದು ಬರುತ್ತದೆ. ಆದರೆ ಬಂದವರಲ್ಲಿ ಸುಮಾರು ಐದರಲ್ಲಿ ಒಬ್ಬರು ಇಂದಿನ ಎಲ್ಲ ಚಿಕಿತ್ಸೆಯ ನಡುವೆಯೂ ಆಸ್ಪತ್ರೆಯಲ್ಲೇ ಸಾಯುತ್ತಾರೆ. ಹಾಗಾಗಿ ಅಪರೂಪವೆಂದು ಮರೆತುಬಿಡುವಂತಿಲ್ಲ.

ಸಂಧಿವಾತದವರಿಗೆ ಅಪಾಯ ಏಕೆ ಹೆಚ್ಚು?

ಇದಕ್ಕೆ ಕಾರಣ ಒಂದಲ್ಲ, ಹಲವು.

ಮೊದಲನೆಯದಾಗಿ, ರೋಗವೇ ಒಂದು ಕಾರಣ. ಉರಿಯೂತದ ಸಂಧಿವಾತ ಕೇವಲ ಕೀಲುಗಳ ರೋಗವಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಇರುವ ಕೆಲವರ ಕವಾಟಗಳು ದಪ್ಪಗಾಗಿರುವುದು ಎಕೋ ಪರೀಕ್ಷೆಯಲ್ಲಿ ಕಾಣುತ್ತದೆ. ಮೊಣಕೈ ಬಳಿ ಚರ್ಮದ ಅಡಿಯಲ್ಲಿ ಬರುವಂಥ ರುಮಟಾಯ್ಡ್ ಗಂಟುಗಳು ಅಪರೂಪಕ್ಕೆ ಕವಾಟದಲ್ಲೂ ಬರುವುದುಂಟು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವ ಕೆಲವರಲ್ಲಿ ಮಹಾಪಧಮನಿಯ ಕವಾಟ ಸೋರುತ್ತದೆ. ಇವು ಸಾಮಾನ್ಯವಾಗಿ ರೋಗಿಯ ಗಮನಕ್ಕೆ ಬರುವುದಿಲ್ಲ. ಆದರೆ ಬ್ಯಾಕ್ಟೀರಿಯಾಕ್ಕೆ ಕಾಲೂರಲು ಜಾಗ ಸಿಕ್ಕಂತಾಗುತ್ತದೆ.

ಎರಡನೆಯದು ಔಷಧಿಗಳು. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಹಾಸಿಗೆ ಹಿಡಿದ ಸಂಧಿವಾತದ ರೋಗಿಯೊಬ್ಬರಿಗೆ ಮೊದಲ ಬಾರಿ ಕಾರ್ಟಿಸೋನ್ ಚುಚ್ಚುಮದ್ದು ನೀಡಿದರು. ಕೆಲವೇ ದಿನಗಳಲ್ಲಿ ಆ ರೋಗಿ ಎದ್ದು ನಡೆದಾಡಿದರು. 1950ರಲ್ಲಿ ಹೆಂಚ್ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಆದರೆ ಉರಿಯೂತವನ್ನು ತಣಿಸುವ ಸ್ಟೀರಾಯ್ಡ್, ಸೋಂಕಿನ ವಿರುದ್ಧದ ಹೋರಾಟವನ್ನೂ ತಣಿಸುತ್ತದೆ ಎಂಬುದು ಬೇಗನೆ ಗೊತ್ತಾಯಿತು. ಪ್ರಮಾಣ ಹೆಚ್ಚಿದಷ್ಟೂ, ಅವಧಿ ಉದ್ದವಾದಷ್ಟೂ ಅಪಾಯ ಹೆಚ್ಚು. 1998ರಿಂದ ಈಚೆಗೆ ಬಂದ ಬಯಾಲಾಜಿಕ್ ಚುಚ್ಚುಮದ್ದುಗಳು ಅನೇಕರ ಬದುಕನ್ನೇ ಬದಲಿಸಿವೆ. ಆದರೆ ಅವುಗಳಲ್ಲಿ ಟಿ.ಎನ್.ಎಫ್. ಎಂಬ ವಸ್ತುವನ್ನು ತಡೆಯುವ ಔಷಧಿಗಳು ಕ್ಷಯ ಮತ್ತು ಕೆಲವು ಬ್ಯಾಕ್ಟೀರಿಯಾಗಳ ಸೋಂಕಿನ ಅಪಾಯವನ್ನು ಹೆಚ್ಚಿಸುತ್ತವೆ. ಅದಕ್ಕಾಗಿಯೇ ಅವನ್ನು ಆರಂಭಿಸುವ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ.

ಮೂರನೆಯದು, ಬ್ಯಾಕ್ಟೀರಿಯಾ ಒಳಗೆ ಬರುವ ದಾರಿಗಳು. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಚರ್ಮ ತೆಳ್ಳಗಾಗಿ ಬೇಗ ಗಾಯವಾಗುತ್ತದೆ. ಬೆರಳುಗಳು ಸೊಟ್ಟಗಾದವರಿಗೆ ಸರಿಯಾಗಿ ಹಲ್ಲುಜ್ಜುವುದೂ ಕಷ್ಟ. ಕೆಲವರಿಗೆ ಕೃತಕ ಮಂಡಿ ಅಥವಾ ಸೊಂಟದ ಕೀಲು ಅಳವಡಿಸಿರುತ್ತಾರೆ. ಅದಕ್ಕೆ ಸೋಂಕು ತಗುಲಿದರೆ ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಕವಾಟಕ್ಕೆ ಹೋಗಬಹುದು. ಅನೇಕರ ಚರ್ಮ, ಮೂಗುಗಳಲ್ಲಿ ಕಾಣಸಿಗುವ ಸ್ಟಾಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಈ ದಾರಿಗಳಲ್ಲಿ ಬರುವವರಲ್ಲಿ ಮುಖ್ಯ. ಅದು ಕವಾಟವನ್ನು ಕೆಲವೇ ದಿನಗಳಲ್ಲಿ ಹಾಳುಗೆಡವಬಲ್ಲದು.

ಒಂದರ ವೇಷದಲ್ಲಿ ಇನ್ನೊಂದು

ಈ ಸೋಂಕಿನ ದೊಡ್ಡ ತೊಂದರೆ ಅದು ಸಂಧಿವಾತದ ಹಾಗೆಯೇ ಕಾಣಿಸುವುದು.

ಎಂಡೋಕಾರ್ಡೈಟಿಸ್ ಬಂದವರಲ್ಲಿ ನಾಲ್ಕನೇ ಒಂದು ಭಾಗದಿಂದ ಹಿಡಿದು ಅರ್ಧದ ಸಮೀಪದಷ್ಟು ಮಂದಿಗೆ ಕೀಲು ನೋವು, ಬೆನ್ನುನೋವು, ಮಾಂಸಖಂಡಗಳ ನೋವು ಇರುತ್ತದೆ ಎಂದು ಬೇರೆ ಬೇರೆ ಆಸ್ಪತ್ರೆಗಳ ವರದಿಗಳು ಹೇಳುತ್ತವೆ. ಸುಸ್ತು, ಹಸಿವಿಲ್ಲದಿರುವುದು, ತೂಕ ಇಳಿಯುವುದು, ರಕ್ತಹೀನತೆ, ರಾತ್ರಿ ಬೆವರುವುದು, ಸಣ್ಣ ಜ್ವರ, ಇವೆಲ್ಲ ಎರಡೂ ರೋಗಗಳಲ್ಲಿ ಇವೆ. ಇ.ಎಸ್.ಆರ್. ಎಂಬ ರಕ್ತಪರೀಕ್ಷೆಯ ಅಂಕೆ ಎರಡರಲ್ಲೂ ಏರುತ್ತದೆ.

ಇನ್ನೂ ವಿಚಿತ್ರವಾದ ವಿಷಯವೊಂದಿದೆ. ಸಂಧಿವಾತವನ್ನು ಪತ್ತೆಹಚ್ಚಲು ಸಾಮಾನ್ಯವಾಗಿ ಮಾಡಿಸುವ ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆ, ವಾರಗಟ್ಟಲೆ ಮುಂದುವರಿದ ಕವಾಟದ ಸೋಂಕಿನಲ್ಲೂ ಪಾಸಿಟಿವ್ ಆಗಬಹುದು. 1994ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ವೈದ್ಯರು ಎಂಡೋಕಾರ್ಡೈಟಿಸ್ ಗುರುತಿಸಲು ರೂಪಿಸಿದ ಮಾನದಂಡಗಳಲ್ಲಿ ಈ ಪರೀಕ್ಷೆಯೂ ಒಂದು ಚಿಕ್ಕ ಸಾಕ್ಷ್ಯವಾಗಿ ಸೇರಿತ್ತು. 2023ರಲ್ಲಿ ಪರಿಷ್ಕರಿಸಿದಾಗಲೂ ಅದನ್ನು ಉಳಿಸಿಕೊಂಡಿದ್ದಾರೆ. ಆದುದರಿಂದ ಜ್ವರ ಮತ್ತು ಕೀಲುನೋವು ಇರುವವರಿಗೆ ಈ ಒಂದು ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಸಂಧಿವಾತವೆಂದು ತೀರ್ಮಾನಿಸುವಂತಿಲ್ಲ. ಮೊದಲೇ ಸಂಧಿವಾತ ಇರುವವರಲ್ಲಂತೂ ಈ ಪರೀಕ್ಷೆಯಿಂದ ಎರಡನ್ನೂ ಬೇರ್ಪಡಿಸಲಾಗದು.

ಔಷಧಿಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆಗಳು ಜ್ವರವನ್ನೇ ಮುಚ್ಚಿಬಿಡುತ್ತವೆ. ಟೊಸಿಲಿಜುಮ್ಯಾಬ್ ಎಂಬ ಬಯಾಲಾಜಿಕ್ ಔಷಧಿ ತೆಗೆದುಕೊಳ್ಳುವವರಲ್ಲಿ, ಸೋಂಕಿನ ಸೂಚಕವೆಂದು ನಂಬಲಾದ ಸಿ.ಆರ್.ಪಿ. ಅಂಕೆ ಏರದೇ ಇರಬಹುದು. ಯಕೃತ್ತು ಆ ವಸ್ತುವನ್ನು ತಯಾರಿಸಲು ಬೇಕಾದ ಸಂದೇಶವನ್ನೇ ಈ ಔಷಧಿ ತಡೆಯುತ್ತದೆ. "ರಕ್ತ ಪರೀಕ್ಷೆ ನಾರ್ಮಲ್ ಇದೆಯಲ್ಲ" ಎಂಬ ಸಮಾಧಾನ ಇಂಥವರಿಗೆ ಸಲ್ಲದು.

ಇದಕ್ಕೆ ಉಲ್ಟಾ ಆದದ್ದೂ ಇದೆ. ಕವಾಟದ ಮೇಲೆ ಗಡ್ಡೆ ಕಂಡರೂ ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲದಿರಬಹುದು. ಲೂಪಸ್ ರೋಗದಲ್ಲಿ ಬರುವ ಇಂಥ ಗಡ್ಡೆಗಳನ್ನು 1924ರಲ್ಲಿ ನ್ಯೂಯಾರ್ಕಿನ ಇಮ್ಯಾನುಯೆಲ್ ಲಿಬ್‌ಮನ್ ಮತ್ತು ಬೆಂಜಮಿನ್ ಸ್ಯಾಕ್ಸ್ ಎಂಬ ವೈದ್ಯರು ವರ್ಣಿಸಿದರು. ಅವರಿಬ್ಬರ ಹೆಸರಿನಿಂದಲೇ ಇಂದಿಗೂ ಅದನ್ನು ಕರೆಯುತ್ತಾರೆ. ಒಂದಕ್ಕೆ ಆಂಟಿಬಯೋಟಿಕ್ ಬೇಕು. ಇನ್ನೊಂದಕ್ಕೆ ಬೇರೆಯೇ ಚಿಕಿತ್ಸೆ. ಸೋಂಕು ಇರುವಾಗ ವಾತವೆಂದು ತಿಳಿದು ಸ್ಟೀರಾಯ್ಡ್ ಹೆಚ್ಚಿಸಿದರೆ ಮೊದಲೆರಡು ದಿನ ರೋಗಿಗೆ ಹಾಯೆನಿಸಬಹುದು. ಆದರೆ ಬ್ಯಾಕ್ಟೀರಿಯಾ ಮತ್ತಷ್ಟು ಬೆಳೆಯುತ್ತದೆ.

ಮೀನಿನ ಮುಳ್ಳು ಮತ್ತು ಹಸಿ ಹಾಲು

ಕವಾಟದ ಸೋಂಕುಗಳಲ್ಲಿ ಹೆಚ್ಚಿನವು ಸ್ಟಾಫೈಲೋಕಾಕಸ್ ಮತ್ತು ಸ್ಟ್ರೆಪ್ಟೋಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳಿಂದ ಬರುತ್ತವೆ. ಅಪರೂಪದ ಬೇರೆ ಕೆಲವೂ ಇವೆ. ಅವುಗಳಲ್ಲಿ ಎರಡರ ಬಗ್ಗೆ ಇಲ್ಲಿ ಹೇಳಲು ಕಾರಣವಿದೆ.

ಮೊದಲನೆಯದರ ಹೆಸರು ಎರಿಸಿಪೆಲೊಥ್ರಿಕ್ಸ್. ಹಂದಿಗಳಿಗೆ ರೋಗ ತರುವ ಈ ಬ್ಯಾಕ್ಟೀರಿಯಾದ ವಿರುದ್ಧ 1880ರ ದಶಕದಲ್ಲೇ ಲೂಯಿ ಪಾಶ್ಚರ್ ಲಸಿಕೆ ತಯಾರಿಸಿದ್ದರು. ಮೀನಿನ ಮೈಮೇಲಿನ ಲೋಳೆಯಲ್ಲೂ ಇದು ಬದುಕುತ್ತದೆ. ಮೀನಿಗೆ ಏನೂ ಆಗುವುದಿಲ್ಲ. ಆದರೆ ಮೀನಿನ ಮುಳ್ಳು, ಎಲುಬು ಅಥವಾ ಚೂರಿ ತಾಗಿ ಗಾಯವಾದ ಕೈಯ ಮೂಲಕ ಮನುಷ್ಯನ ದೇಹ ಸೇರುತ್ತದೆ. ಮೀನುಗಾರರು, ಮೀನು ಮಾರುವವರು, ಮಾಂಸ ಕಡಿಯುವವರು, ಹಂದಿ ಸಾಕುವವರು, ಪಶುವೈದ್ಯರು ಇವರಿಗೆ ಇದು ವೃತ್ತಿಯಿಂದ ಬರುವ ಸೋಂಕು ಎಂದು ಜಗತ್ತಿನಾದ್ಯಂತ ಪ್ರಸಿದ್ಧ. ದಕ್ಕೆಯಲ್ಲಿ ದಿನವಿಡೀ ಮೀನಿನ ಬುಟ್ಟಿಗಳಲ್ಲಿ ಕೈಯಾಡಿಸುವವರೂ ಮನೆಮನೆಗಳಲ್ಲಿ ಬಂಗುಡೆ, ಬೂತಾಯಿ ಸ್ವಚ್ಛ ಮಾಡುವವರೂ ಇರುವ ನಮ್ಮ ಕರಾವಳಿಯಲ್ಲಿ ಇದನ್ನು ತಿಳಿದಿರುವುದು ಅಗತ್ಯ.

ಸಾಮಾನ್ಯವಾಗಿ ಗಾಯವಾದ ಬೆರಳು ಅಥವಾ ಕೈ ನೇರಳೆ ಕೆಂಪು ಬಣ್ಣಕ್ಕೆ ತಿರುಗಿ, ಊದಿಕೊಂಡು, ಗಾಯದ ಗಾತ್ರಕ್ಕೆ ಮೀರಿದ ಉರಿನೋವು ಬರುತ್ತದೆ. ಮೂರು ನಾಲ್ಕು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುವುದೂ ಉಂಟು. ಆದರೆ ಕೆಲವೇ ಕೆಲವರಲ್ಲಿ, ಮುಖ್ಯವಾಗಿ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ಅದು ರಕ್ತಕ್ಕೆ ಸೇರುತ್ತದೆ. ಹಾಗೆ ಸೇರಿದಾಗ ಅದಕ್ಕೆ ಹೃದಯದ ಕವಾಟದ ಮೇಲೆ, ಅದರಲ್ಲೂ ಮಹಾಪಧಮನಿಯ ಕವಾಟದ ಮೇಲೆ ವಿಶೇಷ ಒಲವು. 1988ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಇಂಥ ರೋಗಿಗಳಲ್ಲಿ ನೂರಕ್ಕೆ 38 ಮಂದಿ ಸಾವನ್ನಪ್ಪಿದ್ದರು. ಸಂಧಿವಾತದಿಂದ ಮೊದಲೇ ಊದಿಕೊಂಡ ಬೆರಳಿನಲ್ಲಿ ಈ ಹೊಸ ಊತ ಗಮನಕ್ಕೆ ಬಾರದೇ ಹೋಗಬಹುದೆಂದು ಪ್ರತ್ಯೇಕ ಹೇಳಬೇಕಾಗಿಲ್ಲ.

ಎರಡನೆಯದು ಲಿಸ್ಟೀರಿಯಾ. ಇದು ಆಹಾರದ ಮೂಲಕ ಬರುತ್ತದೆ. ಕಾಯಿಸದ ಹಾಲು, ಅದರಿಂದ ಮಾಡಿದ ಮೃದುವಾದ ಚೀಸ್, ತಯಾರಿಸಿ ಬಹಳ ದಿನ ಇಟ್ಟ ತಣ್ಣನೆಯ ಮಾಂಸದ ಪದಾರ್ಥಗಳಲ್ಲಿ ಇರಬಹುದು. ಬೇರೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ಕುಂಠಿತವಾಗುವ ಫ್ರಿಜ್ಜಿನ ತಂಪಿನಲ್ಲೂ ಇದು ಬೆಳೆಯುತ್ತದೆ. ಇದು ನಮ್ಮ ಜೀವಕೋಶಗಳ ಒಳಗೇ ಅವಿತುಕೊಳ್ಳುವ ಜಾತಿಯದು. ಅದನ್ನು ಹೊರಗೆಳೆದು ಕೊಲ್ಲಲು ದೇಹಕ್ಕೆ ಟಿ.ಎನ್.ಎಫ್. ಬೇಕು. ಹಾಗಾಗಿ 2011ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಟಿ.ಎನ್.ಎಫ್. ತಡೆಯುವ ಎಲ್ಲ ಔಷಧಿಗಳ ಎಚ್ಚರಿಕೆಯಲ್ಲಿ ಲಿಸ್ಟೀರಿಯಾದ ಹೆಸರನ್ನು ಸೇರಿಸಿತು. ಇದು ಹೆಚ್ಚಾಗಿ ಮಿದುಳಿನ ಪೊರೆಗೆ ಮತ್ತು ರಕ್ತಕ್ಕೆ ಸೋಂಕು ತರುತ್ತದೆ. ಅಪರೂಪಕ್ಕೆ ಕವಾಟಕ್ಕೂ ತರುತ್ತದೆ.

ಈ ಎರಡನ್ನೂ ಹೇಳಿದ್ದು ಹೆದರಿಸಲಿಕ್ಕಲ್ಲ. ಚೆನ್ನಾಗಿ ಬೇಯಿಸಿದ ಮೀನು, ಮಾಂಸ, ಕಾಯಿಸಿದ ಹಾಲು ಇವುಗಳಿಗೆ ಯಾರೂ ಹೆದರಬೇಕಾಗಿಲ್ಲ. ಕಾರಣ ಬೇರೆಯೇ ಇದೆ. ಗಂಭೀರ ಸೋಂಕು ಎಂದು ಅನುಮಾನ ಬಂದಾಗ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಆರಂಭಿಸುವ ಔಷಧಿಗಳಲ್ಲಿ ವ್ಯಾಂಕೊಮೈಸಿನ್ ಮತ್ತು ಸೆಫ್‌ಟ್ರಯಾಕ್ಸೋನ್ ಮುಖ್ಯವಾದವು. ಆದರೆ ಎರಿಸಿಪೆಲೊಥ್ರಿಕ್ಸ್‌ಗೆ ವ್ಯಾಂಕೊಮೈಸಿನ್ ತಾಗುವುದಿಲ್ಲ. ಲಿಸ್ಟೀರಿಯಾಕ್ಕೆ ಸೆಫ್‌ಟ್ರಯಾಕ್ಸೋನ್ ತಾಗುವುದಿಲ್ಲ. ಮೊದಲನೆಯದು ಹಳೆಯ ಪೆನಿಸಿಲಿನ್‌ಗೆ ಬಗ್ಗುತ್ತದೆ, ಎರಡನೆಯದು ಆಂಪಿಸಿಲಿನ್‌ಗೆ. ಅಂದರೆ ಒಳಗಿರುವ ಬ್ಯಾಕ್ಟೀರಿಯಾ ಯಾವುದೆಂದು ಗೊತ್ತಾಗದೆ ಸರಿಯಾದ ಔಷಧಿ ಕೊಡಲಾಗದು. ಅದನ್ನು ತಿಳಿಯುವ ಮುಖ್ಯ ದಾರಿ ಬ್ಲಡ್ ಕಲ್ಚರ್.

ಮೊದಲ ಗುಳಿಗೆಗೆ ಮೊದಲು ರಕ್ತ

ಬ್ಲಡ್ ಕಲ್ಚರ್ ಎಂದರೆ ರೋಗಿಯ ರಕ್ತವನ್ನು ಪೋಷಕ ದ್ರವವಿರುವ ಬಾಟಲಿಗಳಿಗೆ ಹಾಕಿ, ಬೆಚ್ಚಗಿಟ್ಟು, ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವುದು. ಕವಾಟದ ಸೋಂಕಿನ ಅನುಮಾನ ಇದ್ದಾಗ ಬೇರೆ ಬೇರೆ ಕಡೆಯಿಂದ ಚುಚ್ಚಿ ಮೂರು ಬಾರಿ ರಕ್ತ ತೆಗೆಯುತ್ತಾರೆ. "ಎಷ್ಟು ಸಲ ರಕ್ತ ತೆಗೆಯುತ್ತೀರಿ?" ಎಂದು ಮನೆಯವರು ಸಿಟ್ಟಾಗುವುದುಂಟು. ಆದರೆ ಒಂದಕ್ಕಿಂತ ಹೆಚ್ಚು ಸಲ ತೆಗೆದ ರಕ್ತದಲ್ಲಿ ಒಂದೇ ಬ್ಯಾಕ್ಟೀರಿಯಾ ಬಂದರೆ ಅದು ಚರ್ಮದಿಂದ ಅಕಸ್ಮಾತ್ ಸೇರಿದ್ದಲ್ಲ ಎಂದು ಖಾತ್ರಿಯಾಗುತ್ತದೆ.

ಇದು ಹೊಸ ವಿದ್ಯೆಯಲ್ಲ. ಪ್ರಸಿದ್ಧ ಸಂಗೀತ ರಚನಕಾರ ಗುಸ್ತಾವ್ ಮಾಲರ್ ಅವರ ಕವಾಟದಲ್ಲಿ ದೋಷವಿದೆಯೆಂದು 1907ರಲ್ಲೇ ವೈದ್ಯರು ಹೇಳಿದ್ದರು. 1911ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅವರಿಗೆ ಬಿಡದ ಜ್ವರ ಬಂತು. ಮೇಲೆ ಹೆಸರಿಸಿದ ಅದೇ ಡಾ. ಲಿಬ್‌ಮನ್ ಅವರನ್ನು ಕರೆಸಿದರು. ಅವರ ಕಿರಿಯ ವೈದ್ಯರು ಮಾಲರ್ ಅವರ ರಕ್ತ ತೆಗೆದು ಕಲ್ಚರ್‌ಗೆ ಇಟ್ಟರು. ಕೆಲವು ದಿನಗಳಲ್ಲಿ ಸ್ಟ್ರೆಪ್ಟೋಕಾಕಸ್ ಬೆಳೆಯಿತು. ರೋಗ ಗೊತ್ತಾಯಿತು, ಆದರೆ ಕೊಡಲು ಔಷಧಿ ಇರಲಿಲ್ಲ. ಅದೇ ವರ್ಷ ಮೇ 18ರಂದು, 50ನೇ ವಯಸ್ಸಿನಲ್ಲಿ, ಅವರು ವಿಯೆನ್ನಾದಲ್ಲಿ ನಿಧನರಾದರು. 1944ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಾ. ಲಿಯೋ ಲೋವ್ ಅವರು ಪೆನಿಸಿಲಿನ್ ನೀಡಿ ಇಂಥ ಏಳು ರೋಗಿಗಳನ್ನು ಉಳಿಸಿದ ವರದಿ ಪ್ರಕಟಿಸುವ ತನಕ, ಈ ರೋಗ ಬಂದವರು ಬದುಕುವುದು ತೀರಾ ಅಪರೂಪವಾಗಿತ್ತು.

ಇಂದು ನಮ್ಮಲ್ಲಿ ಪರಿಸ್ಥಿತಿ ತಿರುಗಿದೆ. ಔಷಧಿ ಇದೆ, ಆದರೆ ರೋಗ ಗೊತ್ತಾಗದಂತೆ ನಾವೇ ಮಾಡಿಬಿಡುತ್ತೇವೆ. ಎರಡು ದಿನ ಆಂಟಿಬಯೋಟಿಕ್ ಗುಳಿಗೆ ನುಂಗಿದ ನಂತರ ರಕ್ತ ತೆಗೆದರೆ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು. ಗುಳಿಗೆಯ ಶಕ್ತಿ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಅಡಗಿಸಲು ಸಾಕು. ಕವಾಟದ ಗಡ್ಡೆಯೊಳಗಿನದನ್ನು ಕೊಲ್ಲಲು ಸಾಲದು. ಜ್ವರ ಇಳಿಯುತ್ತದೆ, ಗುಳಿಗೆ ಮುಗಿದ ಮೇಲೆ ಮತ್ತೆ ಏರುತ್ತದೆ. ಕಲ್ಚರ್ ನೆಗೆಟಿವ್ ಬರುವುದಕ್ಕೆ ಮೊದಲೇ ಆಂಟಿಬಯೋಟಿಕ್ ತೆಗೆದುಕೊಂಡಿರುವುದೇ ಮುಖ್ಯ ಕಾರಣ ಎಂದು ಎಲ್ಲ ದೇಶಗಳ ವೈದ್ಯರೂ ಹೇಳುತ್ತಾರೆ. ಈ ಔಷಧಿಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಕಾನೂನು ನಮ್ಮಲ್ಲಿದೆ. 2014ರ ಮಾರ್ಚ್‌ನಿಂದ ಹಲವು ಆಂಟಿಬಯೋಟಿಕ್‌ಗಳ ಮಾರಾಟವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬ ನಿಯಮವೂ ಬಂದಿದೆ. ಆದರೆ ಕೇಳುವವರು ಇರುವ ತನಕ ಕೊಡುವವರೂ ಇರುತ್ತಾರೆ.

ಕಲ್ಚರ್ ಜೊತೆಗೆ ಎದೆಯ ಮೇಲಿನಿಂದ ಎಕೋ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಏನೂ ಕಾಣದಿದ್ದರೂ ಅನುಮಾನ ಉಳಿದರೆ ಅನ್ನನಾಳದ ಮೂಲಕ ಕೊಳವೆ ಇಳಿಸಿ ಇನ್ನೂ ಹತ್ತಿರದಿಂದ ನೋಡುತ್ತಾರೆ. ಚಿಕ್ಕ ಗಡ್ಡೆಗಳು ಕಾಣಸಿಗುವುದು ಹೆಚ್ಚಾಗಿ ಇದರಲ್ಲೇ.

ಚಿಕಿತ್ಸೆ ದೀರ್ಘವಾದುದು

ರೋಗ ಖಚಿತವಾದರೆ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಡೆನ್ಮಾರ್ಕಿನಲ್ಲಿ 400 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ನಂತರ, ಸ್ಥಿತಿ ಸ್ಥಿರವಾದ ಆಯ್ದ ಕೆಲವರಿಗೆ ಉಳಿದ ಭಾಗವನ್ನು ಗುಳಿಗೆಗಳ ಮೂಲಕ ಪೂರೈಸುವ ಕ್ರಮವೂ ಬಂದಿದೆ. ಆದರೆ ಅದು ತಜ್ಞರ ನಿಗಾದಲ್ಲಿ ಮಾತ್ರ. ಕವಾಟ ತೀರಾ ಹಾಳಾದರೆ ಶಸ್ತ್ರಚಿಕಿತ್ಸೆ ಬೇಕು. ಸುಮಾರು ಅರ್ಧದಷ್ಟು ರೋಗಿಗಳಿಗೆ ಅದು ಬೇಕಾಗುತ್ತದೆ.

ಈ ಅವಧಿಯಲ್ಲಿ ಸಂಧಿವಾತದ ಔಷಧಿಗಳನ್ನು ಏನು ಮಾಡಬೇಕೆಂಬುದು ಸೂಕ್ಷ್ಮ ಪ್ರಶ್ನೆ. ಬಯಾಲಾಜಿಕ್ ಔಷಧಿಯನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಆದರೆ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್ ಮಾತ್ರೆಯನ್ನು ಹೆದರಿ ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯ. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದುದರಿಂದ ದೇಹ ತನ್ನದನ್ನು ತಯಾರಿಸುವುದನ್ನು ಮರೆತಿರುತ್ತದೆ. ಹೃದಯದ ವೈದ್ಯರೂ ಸಂಧಿವಾತದ ವೈದ್ಯರೂ ಪರಸ್ಪರ ಮಾತನಾಡಿ ತೀರ್ಮಾನಿಸಬೇಕಾದ ವಿಷಯವಿದು. ಮಾತನಾಡುವಂತೆ ಕೇಳಿಕೊಳ್ಳುವ ಹಕ್ಕು ಮನೆಯವರಿಗಿದೆ.

ನಾವು ಮಾಡಬಹುದಾದದ್ದು

1. ಉರಿಯೂತದ ಸಂಧಿವಾತ ಇರುವವರಿಗೆ, ಅದರಲ್ಲೂ ಸ್ಟೀರಾಯ್ಡ್ ಅಥವಾ ಬಯಾಲಾಜಿಕ್ ತೆಗೆದುಕೊಳ್ಳುವವರಿಗೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಅಥವಾ ಕಾರಣವಿಲ್ಲದ ಸಣ್ಣ ಜ್ವರ ಕೆಲವು ದಿನ ಬಿಡದಿದ್ದರೆ ಕಾಯದೆ ವೈದ್ಯರನ್ನು ಕಾಣಿರಿ. ಕೃತಕ ಕವಾಟ ಇರುವವರೂ ಹಿಂದೆ ಕವಾಟದ ಸೋಂಕು ಬಂದವರೂ ಇನ್ನಷ್ಟು ಬೇಗ.

2. ಉಳಿದ ಕೀಲುಗಳು ಸುಮ್ಮನಿದ್ದು ಒಂದೇ ಕೀಲು ಹಠಾತ್ತಾಗಿ ಊದಿ ಕೆಂಪಾಗಿ ಬಿಸಿಯಾದರೆ ಅದನ್ನು ವಾತವೆಂದು ಬಿಡಬೇಡಿ. ಸೋಂಕಲ್ಲ ಎಂದು ಖಾತ್ರಿಯಾಗುವ ತನಕ ಅದು ಸೋಂಕೆಂದೇ ತಿಳಿಯಬೇಕು.

3. ಹೊಸದಾಗಿ ಉಸಿರುಗಟ್ಟುವುದು, ಕಾಲು ಊದುವುದು, ಬೆರಳ ತುದಿಗಳಲ್ಲಿ ನೋಯುವ ಸಣ್ಣ ಗುಳ್ಳೆಗಳು, ಉಗುರಿನಡಿ ಕೆಂಪು ಗೆರೆಗಳು, ಮಾತು ತೊದಲುವುದು, ಒಂದು ಬದಿ ಬಲಹೀನವಾಗುವುದು ಇವು ಜ್ವರದ ಜೊತೆ ಕಂಡರೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

4. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕೊಡಬೇಡಿ. ಬೇರೆ ವೈದ್ಯರು ಬರೆದುಕೊಟ್ಟರೆ, "ಇವರಿಗೆ ಸಂಧಿವಾತದ ಔಷಧಿ ನಡೆಯುತ್ತಿದೆ, ಮೊದಲು ಬ್ಲಡ್ ಕಲ್ಚರ್ ಬೇಕೇ?" ಎಂದು ವಿನಯದಿಂದ ಕೇಳಿರಿ. ಆದರೆ ರೋಗಿಯ ಸ್ಥಿತಿ ತೀರಾ ಗಂಭೀರವಾಗಿದ್ದರೆ ಚಿಕಿತ್ಸೆಗೆ ಅಡ್ಡಿಮಾಡಬಾರದು. ರಕ್ತ ತೆಗೆಯಲು ಕೆಲವೇ ನಿಮಿಷ ಸಾಕು.

5. ತೆಗೆದುಕೊಳ್ಳುವ ಎಲ್ಲ ಔಷಧಿಗಳ ಚೀಟಿ ಪರ್ಸಿನಲ್ಲಿರಲಿ. ಹೆಸರಿಲ್ಲದ ಪುಡಿ, ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ನಾಚಿಕೆಪಡದೆ ಅದನ್ನೂ ಹೇಳಿ. ಗಂಟುನೋವಿಗೆಂದು ಮಾರುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾದ ಉದಾಹರಣೆಗಳಿವೆ.

6. ನೀವು ಮಾಡುವ ಕೆಲಸವನ್ನು ವೈದ್ಯರಿಗೆ ಹೇಳಿ. ಮೀನಿನ ಕೆಲಸ, ಮಾಂಸದ ಕೆಲಸ, ಹಂದಿ ಅಥವಾ ದನ ಸಾಕಣೆ, ಕೈಗಾದ ಗಾಯ, ಯಾವುದನ್ನೂ ಬಿಡಬೇಡಿ. ಎರಿಸಿಪೆಲೊಥ್ರಿಕ್ಸ್ ಕಲ್ಚರ್‌ನಲ್ಲಿ ಬೆಳೆದರೂ ನೋಡಲು ಚರ್ಮದ ನಿರಪಾಯಕಾರಿ ಬ್ಯಾಕ್ಟೀರಿಯಾಗಳಂತಿದ್ದು ಅಲಕ್ಷ್ಯಕ್ಕೆ ಒಳಗಾಗಬಹುದು. ನಿಮ್ಮ ಒಂದು ಮಾತಿನಿಂದ ಲ್ಯಾಬಿನವರು ಇನ್ನೊಮ್ಮೆ ನೋಡಬಹುದು.

7. ಮೀನು, ಮಾಂಸ ಸ್ವಚ್ಛಮಾಡುವಾಗ ಸಾಧ್ಯವಾದಷ್ಟು ಗ್ಲೌಸ್ ಧರಿಸಿ. ಮುಳ್ಳು ತಾಗಿದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ಹಾಲನ್ನು ಕಾಯಿಸಿಯೇ ಕುಡಿಯಿರಿ.

8. ಬಾಯಿಯ ಸ್ವಚ್ಛತೆ ಬಹಳ ಮುಖ್ಯ. ಬೆರಳು ಮಡಚಲಾಗದವರಿಗೆ ಬ್ರಶ್ಶಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಿ ಕೊಡಬಹುದು. ಹಲ್ಲು ಕೀಳಿಸುವ ಮೊದಲು ಎಲ್ಲ ಸಂಧಿವಾತದವರೂ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕಾಗಿಲ್ಲ. ಕೃತಕ ಕವಾಟ ಇರುವವರು, ಹಿಂದೆ ಎಂಡೋಕಾರ್ಡೈಟಿಸ್ ಬಂದವರು, ಕೆಲವು ಬಗೆಯ ಹುಟ್ಟು ಹೃದ್ರೋಗ ಇರುವವರು ಇಂಥವರಿಗೆ ಮಾತ್ರ ಅದು ಬೇಕೆಂದು ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆ 2007ರಲ್ಲಿ ನಿಗದಿಪಡಿಸಿತು.

ಕೊನೆಯದಾಗಿ ಒಂದು ಮಾತು. ಈ ಲೇಖನವನ್ನು ಓದಿ ಯಾರೂ ತಮ್ಮ ಸಂಧಿವಾತದ ಔಷಧಿಯನ್ನು ಬಿಡಬಾರದು. ಚಿಕಿತ್ಸೆ ಇಲ್ಲದೆ ಕೆರಳಿದ ಸಂಧಿವಾತವೂ ದೇಹವನ್ನು ಸೋಂಕಿಗೆ ಒಡ್ಡುತ್ತದೆ, ಕೀಲುಗಳನ್ನಂತೂ ಶಾಶ್ವತವಾಗಿ ಕೆಡಿಸುತ್ತದೆ. ಔಷಧಿ ತೆಗೆದುಕೊಳ್ಳುವವರಲ್ಲಿ ಬಹುಪಾಲು ಮಂದಿಗೆ ಈ ಸೋಂಕು ಎಂದೂ ಬರುವುದಿಲ್ಲ.

ವರ್ಷಗಟ್ಟಲೆ ನೋವು ತಿಂದವರು ಹೊಸ ನೋವನ್ನು ಹೇಳಿಕೊಳ್ಳಲು ಹಿಂಜರಿಯುತ್ತಾರೆ. ಮನೆಯವರಿಗೆ ಮತ್ತೆ ತೊಂದರೆ ಯಾಕೆ ಎಂದು ಸುಮ್ಮನಿರುತ್ತಾರೆ. ಅವರು ಹೇಳದಿದ್ದರೂ ನಾವು ಕೇಳಬೇಕು. ಹಣೆ ಮುಟ್ಟಿ ನೋಡಬೇಕು. "ಇದು ಯಾವಾಗಿನ ನೋವೇ, ಬೇರೆಯೇ?" ಎಂದು ವಿಚಾರಿಸಬೇಕು. ಬೇರೆ ಎಂದರೆ, ಗುಳಿಗೆ ಕೊಡುವ ಮೊದಲು ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು.